ಮಂಡ್ಯದ ಕರೆಂಟು ಮೊದಲು ಕೆಜಿಎಫ್‌ಗೆ ಹೋಗಿದ್ದೇಕೆ?

[ದೃಶ್ಯ: ಸೈನೈಡ್ ದಿಬ್ಬ. ಗಾಳಿಗೆ ಏಳುವ ಬೂದು ಧೂಳು.]

ನಮಸ್ಕಾರ. ಮಳವಳ್ಳಿಯ ಒಬ್ಬ ವೀಕ್ಷಕರು ಕೇಳಿದ್ದರು: "ನಮ್ಮ ಬ್ಲಫ್‌ನಲ್ಲಿ ಹುಟ್ಟಿದ ಕರೆಂಟು ನಮ್ಮನ್ನು ಬಿಟ್ಟು ಕೋಲಾರಕ್ಕೆ ಯಾಕೆ ಹೋಯ್ತು?" ಬ್ಲಫ್ ಅಂದರೆ ಶಿವನಸಮುದ್ರದ ವಿದ್ಯುತ್ ಕೇಂದ್ರ. ಪ್ರಶ್ನೆಯಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇದೆ, ನ್ಯಾಯವೂ ಇದೆ. ಅದಕ್ಕೇ ಬೆಳಗಿನ ಜಾವ ಮೈಸೂರು ಬಿಟ್ಟು ಇಲ್ಲಿಗೆ, ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಬಂದೆವು.

ಇತಿಹಾಸ ಬೇಗ ಮುಗಿಸೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 120 ವರ್ಷ ಅಗೆದು ಸುಮಾರು 800 ಟನ್ ಚಿನ್ನ ತೆಗೆದರು, 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಆಯ್ತಾ?

[ದೃಶ್ಯ: ಗಣಿಗೆ ಇಳಿಯುವ ಬಾವಿಯ (ಶಾಫ್ಟ್) ಮೇಲಿನ ತುಕ್ಕು ಹಿಡಿದ ಕಬ್ಬಿಣದ ಗೋಪುರ, ತುದಿಯಲ್ಲಿ ದೊಡ್ಡ ಚಕ್ರ.]

ಈ ಚಕ್ರದ ಮೇಲೆ ಹಗ್ಗ ಓಡುತ್ತಿತ್ತು, ಹಗ್ಗದ ತುದಿಗೆ ಜನ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಮೈಸೂರಲ್ಲಿ ನಿಂತು ನೋಡಿದಾಗ ಚಾಮುಂಡಿ ಬೆಟ್ಟ ಎಷ್ಟೆತ್ತರ ಕಾಣುತ್ತದೋ, ಅಂಥ ಹತ್ತು ಬೆಟ್ಟ ಒಂದರ ಮೇಲೊಂದು ಇಟ್ಟು ತಲೆಕೆಳಗು ಮಾಡಿದ ಹಾಗೆ. ಸಾವಿರ ಮೆಟ್ಟಿಲು ಹತ್ತೋಕೇ ನಮ್ಮ ಕ್ಯಾಮೆರಾಮನ್ ಮೂರು ಸಲ ಕೂರುತ್ತಾನೆ! ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿಗಿಂತ ಜಾಸ್ತಿ ಬಿಸಿ.

ಈಗ ಕರೆಂಟಿನ ಕಥೆ. ಆಳ ಹೆಚ್ಚಿದಷ್ಟೂ ನೀರು ಎತ್ತಬೇಕು, ಗಾಳಿ ತಳ್ಳಬೇಕು, ಕಲ್ಲು ಕುಟ್ಟಿ ಪುಡಿ ಮಾಡಬೇಕು. ಸೌದೆ, ಕಲ್ಲಿದ್ದಲು ಸುಟ್ಟು ಉಗಿ ಎಂಜಿನ್ ಓಡಿಸೋದು ದುಬಾರಿ. ಹಾಗಾಗಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ಯೋಜನೆ ಶುರುವಾಯ್ತು. 1902ರ ಜೂನ್‌ನಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟನ್ನು ಸೀದಾ ಇಲ್ಲಿಗೆ ತಂದರು. ಬೆಂಗಳೂರಿನ ಬೀದಿ ದೀಪಕ್ಕೆ ಕರೆಂಟು ಬಂದದ್ದೇ 1905ರಲ್ಲಿ. ಮಳವಳ್ಳಿಯವರೇ, ಉತ್ತರ ಇಷ್ಟೇ: ದುಡ್ಡು ಕೊಡೋ ಗಿರಾಕಿ ಇಲ್ಲಿದ್ದ, ನಿಮ್ಮೂರಲ್ಲಿ ಇರಲಿಲ್ಲ.

ನನಗೆ ನಿಜಕ್ಕೂ ತಲೆ ತಿರುಗಿದ್ದು ಇದರ ಮುಂದಿನ ಭಾಗಕ್ಕೆ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಾಳೆ, ಬ್ಲಫ್‌ನಲ್ಲಿ ಕರೆಂಟು ಕಮ್ಮಿಯಾಗುತ್ತದೆ, ಆದರೆ ಗಣಿಯ ಪಂಪು ನಿಲ್ಲೋ ಹಾಗಿಲ್ಲ. ಮೇಲೆ ಎಲ್ಲಾದರೂ ನೀರು ಕಟ್ಟಿಟ್ಟುಕೊಂಡು ವರ್ಷವಿಡೀ ಬಿಡಬೇಕು. ಎಲ್ಲಿ? ಕನ್ನಂಬಾಡಿಯಲ್ಲಿ! 1911ರಲ್ಲಿ ವಿಶ್ವೇಶ್ವರಯ್ಯನವರ ಅಣೆಕಟ್ಟಿನ ಕೆಲಸ ಶುರುವಾದಾಗ ನೀರಾವರಿಯಷ್ಟೇ ಮುಖ್ಯ ಕಾರಣ ಈ ಗಣಿಗೆ ತಪ್ಪದೆ ಕೊಡಬೇಕಿದ್ದ ಕರೆಂಟು. ಮಂಡ್ಯದ ಕಬ್ಬಿನ ಗದ್ದೆಗೂ ಈ ತುಕ್ಕು ಚಕ್ರಕ್ಕೂ ನಂಟಿದೆ, ಅಲ್ವಾ? ಕೆಆರ್‌ಎಸ್‌ನಲ್ಲಿ ಸಂಗೀತ ಕಾರಂಜಿ ನೋಡೋಕೆ ಬರುವ ಎಷ್ಟು ಜನಕ್ಕೆ ಇದು ಗೊತ್ತು, ಹೇಳಿ.

[ದೃಶ್ಯ: ಕಾರ್ಮಿಕರ ಲೈನ್ ಮನೆಗಳು.]

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ. ಇದನ್ನು ಸುಮ್ನೆ "ದೆವ್ವದ ಊರು" ಅಂತ ಥಂಬ್‌ನೇಲ್ ಹಾಕಬೇಡಿ. ಸತ್ತದ್ದು ಗಣಿ, ಊರಲ್ಲ. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುವವರು ತುಂಬಾ ಜನ ಇದ್ದಾರೆ. ಶಾಫ್ಟ್ ಹತ್ತಿರ ಹೋಗಬೇಡಿ, ಬೇಲಿ ಹಾರಬೇಡಿ. ದಿಬ್ಬವನ್ನು ದೂರದಿಂದಲೇ ನೋಡಿ, ಅದು ಚಿನ್ನ ತೆಗೆದ ಮೇಲೆ ಸುರಿದ ಕಲ್ಲಿನ ಪುಡಿ. ಗಾಳಿ ಜೋರಿದ್ದರೆ ಮೂಗು ಮುಚ್ಚಿಕೊಳ್ಳಿ. ಮೈಸೂರಿಂದ ಹೋಗಿ ಬರೋಕೆ ಒಂದು ದಿನ ಸಾಕು, ಆದರೆ ಬೇಗ ಹೊರಡಿ.

ಇದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಅನ್ನೋ ಅತಿ ಸೂಕ್ಷ್ಮ ಕಣವನ್ನು ಹಿಡಿದ ಕಥೆಯನ್ನು ಇದರಲ್ಲೇ ತುರುಕೋಕೆ ನನ್ನಿಂದಾಗಲ್ಲ. ಅದಕ್ಕೆ ಬೇರೆ ವಿಡಿಯೋ.