ಹಿಂದಿನ ಬ್ರೇಕ್ ಯಾವುದಕ್ಕೆ ಆತುಕೊಂಡಿದೆ?

ಕೇಳುಗರಿಗೆ ನಮಸ್ಕಾರ. ಹಳೇ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಉದ್ದ ಮಾಡಿ, ಸೀಟು ತಗ್ಗಿಸಿ, ನಡುವೆ ಒಂದು ಪುಟ್ಟ ಎಂಜಿನ್ ಕೂರಿಸಿ ಚಾಪರ್ ಕಟ್ಟಿಕೊಂಡವರಿಗೆ ಇವತ್ತಿನ ಮಾತು. ಕಟ್ಟಬೇಕು ಅಂತ ಫ್ರೇಮ್ ತಂದು ಮೂಲೆಯಲ್ಲಿ ನಿಲ್ಲಿಸಿಕೊಂಡವರೂ ಕೇಳಿ.

ಅಂಥ ಗಾಡಿಗೆ ಹಿಂದಿನ ಬ್ರೇಕ್ ಹಾಕುವ ಮಾತು ಬಂದರೆ ಎಲ್ಲರದೂ ಒಂದೇ ಪ್ರಶ್ನೆ. ಡಿಸ್ಕ್ ಒಳ್ಳೇದಾ, ಡ್ರಮ್ ಒಳ್ಳೇದಾ? ನಾನು ತಿರುಗಿ ಕೇಳುವುದೂ ಒಂದೇ. ನಿಮ್ಮ ಬ್ರೇಕ್ ಯಾವುದಕ್ಕೆ ಆತುಕೊಂಡಿದೆ?

ಬ್ರೇಕ್ ಚಕ್ರವನ್ನು ಹಿಡಿದ ಕೂಡಲೇ ಚಕ್ರ ಸುಮ್ನೆ ಇರುವುದಿಲ್ಲ. ಬ್ರೇಕನ್ನೂ ತನ್ನ ಜೊತೆ ತಿರುಗಿಸಿಕೊಂಡು ಹೋಗಲು ನೋಡುತ್ತದೆ. ಅದನ್ನು ತಡೆಯಬೇಕಾದದ್ದು ಫ್ರೇಮ್. ಫ್ರೇಮಿಗೆ ಗಟ್ಟಿಯಾಗಿ ಆತುಕೊಳ್ಳದ ಬ್ರೇಕ್ ಎಷ್ಟೇ ದುಬಾರಿಯದಾದರೂ ಬ್ರೇಕ್ ಅಲ್ಲ.

ಮಾಮೂಲಿ ಸೈಕಲ್ಲಿನಲ್ಲಿ ಮುಂದಿನ ಬ್ರೇಕೇ ದೊಡ್ಡಣ್ಣ. ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಚಾಪರ್‌ನಲ್ಲಿ ಹಾಗಲ್ಲ. ಗಾಡಿ ಉದ್ದ, ಸೀಟು ತಗ್ಗು, ಸವಾರ ಕೂರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ, ಹಿಡಿದರೆ ಜಾರುತ್ತದೆ. ಉದ್ದದ ಫೋರ್ಕ್ ಬೇರೆ ಬಾಗುತ್ತದೆ. ಹಾಗಾಗಿ ಇಲ್ಲಿ ಹಿಂದಿನ ಬ್ರೇಕ್ ಮೇಲೆ ಕೆಲಸ ಜಾಸ್ತಿ. ಜೊತೆಗೆ ಎಂಜಿನ್ ಇದೆ. ವೇಗ ಗಂಟೆಗೆ 20 ಕಿಲೋಮೀಟರಿನಿಂದ 40ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ 2 ಪಟ್ಟಲ್ಲ, 4 ಪಟ್ಟು.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಚೆಂದದ ಚಾಪರ್ ತಂದಿದ್ದ. ಟ್ಯಾಂಕಿನ ಮೇಲೆ ಬೆಂಕಿಯ ಚಿತ್ರ, ಹೊಳೆಯುವ ಹ್ಯಾಂಡಲ್, ಕನ್ನಡಿ ಹಾಗಿರುವ ಕಪ್ಪು ಬಣ್ಣ. ಎಂಜಿನ್ನಿನ ಚೈನನ್ನು ಜಾಣತನದಿಂದ ಬಲಗಡೆಗೆ ತಿರುಗಿಸಿ, ಎಡಗಡೆ ಡ್ರಮ್ ಬ್ರೇಕ್ ಹಾಕಿದ್ದ. "ಸರ್, ಬ್ರೇಕ್ ಸಖತ್ತಾಗಿದೆ, ನೋಡಿ" ಅಂದ. ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡಿಗೆ ಹಾಕಿದ, ಎಂಜಿನ್ನಿನಿಂದ ಚಕ್ರ ತಿರುಗಿಸಿದ, ಲಿವರ್ ಹಿಡಿದ. ಚಕ್ರ ನಿಂತಿತು. ನಿಲ್ಲದೇ ಏನು? ಗಾಳಿಯಲ್ಲಿ ತಿರುಗುವ ಬರೀ ಚಕ್ರವನ್ನು ಕೈಯಿಂದಲೂ ನಿಲ್ಲಿಸಬಹುದು.

ನಾನು ಬಗ್ಗಿ ನೋಡಿದೆ. ಡ್ರಮ್ಮಿನಿಂದ ಮುಂದಕ್ಕೆ ಒಂದು ತೋಳು ಬರುತ್ತದೆ. ಅದನ್ನು ಫ್ರೇಮಿಗೆ ಕಟ್ಟಬೇಕು. ಇವನು ಕಟ್ಟಿದ್ದು ರಬ್ಬರ್ ಪೈಪಿಗೆ ಹಾಕುವ ತಗಡಿನ ಕ್ಲಿಪ್ಪಿನಿಂದ! ಸರಿ, ಇಳಿಸಪ್ಪ, ಹತ್ತಿ ಕೂತುಕೋ, ಲಿವರ್ ಗಟ್ಟಿಯಾಗಿ ಹಿಡಿ ಅಂದೆ. ಹಿಂದಿನಿಂದ ಜೋರಾಗಿ ತಳ್ಳಿದೆ. ಟಕ್ ಅಂತ ಸದ್ದು. ಕ್ಲಿಪ್ಪು ಬಾಯಿ ಬಿಟ್ಟಿತು, ತೋಳು ಕೆಳಕ್ಕೆ ಬಿತ್ತು, ಡ್ರಮ್ಮಿನ ತಟ್ಟೆ ಇಡಿಯಾಗಿ ತಿರುಗಿ ಬ್ರೇಕ್ ವೈರನ್ನು ಕಿತ್ತುಕೊಂಡಿತು. ಹುಡುಗ ಇಳಿದು ಮೊದಲು ನೋಡಿದ್ದೇನು ಗೊತ್ತಾ? ಕ್ಲಿಪ್ಪು ಫ್ರೇಮಿನ ಬಣ್ಣ ಕೆರೆದಿದೆಯಾ ಅಂತ! ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಲೆಕ್ಕ ಕೇಳಿ. 26 ಇಂಚಿನ ಚಕ್ರ ಅಂದರೆ ಅದರ ನಡುವಿನ ಅಚ್ಚಾದ ಆಕ್ಸಲ್‌ನಿಂದ ನೆಲಕ್ಕೆ ಸುಮಾರು 33 ಸೆಂಟಿಮೀಟರ್. ತೋಳಿನ ಉದ್ದ 11 ಸೆಂಟಿಮೀಟರ್ ಅಂದುಕೊಳ್ಳಿ. ಟೈರು ನೆಲದ ಮೇಲೆ 30 ಕಿಲೋದಷ್ಟು ಬಲದಿಂದ ತಡೆದರೆ, ತೋಳಿನ ತುದಿಯಲ್ಲಿ ಬೀಳುವುದು ಅದರ 3 ಪಟ್ಟು, 90 ಕಿಲೋ. ಆ ಕ್ಲಿಪ್ಪಿಗೆ ಒಬ್ಬ ಆಳು ನೇತುಬಿದ್ದಷ್ಟು ಆಯಿತು. ಪ್ರತಿ ಸಲ ಬ್ರೇಕ್ ಹಿಡಿದಾಗಲೂ! ಕ್ಲಿಪ್ಪು ತೆಗೆಸಿ ದಪ್ಪ ಉಕ್ಕಿನ ಪಟ್ಟಿ ಬಗ್ಗಿಸಿದೆವು. ಫ್ರೇಮಿನ ಕೊಳವೆಯನ್ನು ಸುತ್ತಿ ಬಿಗಿಯಾಗಿ ಅಪ್ಪುವ ಹಾಗೆ. ಬೋಲ್ಟಿಗೆ ಒಳಗೆ ನೈಲಾನ್ ಇರುವ ನಟ್ಟು ಹಾಕಿದೆವು, ಅದು ಗಾಡಿಯ ಅದುರಾಟಕ್ಕೆ ಸುಲಭವಾಗಿ ಸಡಿಲವಾಗುವುದಿಲ್ಲ. ತೋಳನ್ನೂ ಉದ್ದ ಮಾಡಿದೆವು. ತೋಳು ಉದ್ದವಾದಷ್ಟೂ ಪಟ್ಟಿಯ ಮೇಲಿನ ಎಳೆತ ಕಡಿಮೆ.

ಡಿಸ್ಕ್ ಹಾಕುವವರಿಗೂ ಇದೇ ಪ್ರಶ್ನೆ. ಎರಡು ಪ್ಯಾಡುಗಳ ನಡುವೆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಯಾವುದಕ್ಕೆ ಆತುಕೊಂಡಿದೆ? ಹಲವರು ಫ್ರೇಮಿಗೆ ಒಂದು ತುಂಡು ವೆಲ್ಡ್ ಮಾಡಿಸಿ ಮುಗಿಯಿತು ಅನ್ನುತ್ತಾರೆ. ಮುಗಿಯಲಿಲ್ಲ. ಚೈನು ಸಡಿಲವಾದಾಗ ಆಕ್ಸಲ್ಲನ್ನು ಸೀಳಿನಲ್ಲಿ ಹಿಂದಕ್ಕೆ ಎಳೆಯುತ್ತೀರಿ ಅಲ್ವಾ? ಡಿಸ್ಕ್ ಚಕ್ರದ ಜೊತೆ ಹಿಂದೆ ಹೋಗುತ್ತದೆ, ಕ್ಯಾಲಿಪರ್ ಅಲ್ಲೇ ಉಳಿಯುತ್ತದೆ. ಪ್ಯಾಡು ಅರ್ಧ ಡಿಸ್ಕಿನ ಮೇಲೆ, ಅರ್ಧ ಗಾಳಿಯಲ್ಲಿ. ಅದಕ್ಕೇ ಕ್ಯಾಲಿಪರನ್ನು ಆಕ್ಸಲ್ ಮೇಲೆಯೇ ಕೂರುವ ಒಂದು ತಟ್ಟೆಗೆ ಬಿಗಿದು, ಆ ತಟ್ಟೆಯಿಂದ ಫ್ರೇಮಿಗೆ ಒಂದು ಸರಳು ಕೊಡಿ. ಚಕ್ರ ಸರಿದರೆ ಕ್ಯಾಲಿಪರೂ ಸರಿಯುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಮಾತ್ರ ವೆಲ್ಡಿಂಗ್ ಬೇಡವೇ ಬೇಡ. ಕಾಯಿಸಿದ ಜಾಗದಲ್ಲಿ ಅದರ ಗಟ್ಟಿತನ ಹೋಗುತ್ತದೆ.

ಇನ್ನೊಂದು ತಕರಾರು. ಎಂಜಿನ್ ಕಿಟ್ಟಿನ ಹಲ್ಲುಚಕ್ರ ಸಾಮಾನ್ಯವಾಗಿ ಎಡಗಡೆ ಕಡ್ಡಿಗಳಿಗೆ ಬಿಗಿಯುವಂಥದ್ದು. ಡಿಸ್ಕ್ ಕೇಳುವುದೂ ಎಡಗಡೆಯನ್ನೇ. ಎರಡಕ್ಕೂ ಜಾಗವಿರುವ ಹಬ್, ಅಂದರೆ ಕಡ್ಡಿಗಳು ಸೇರುವ ಚಕ್ರದ ನಡುಭಾಗ, ಮೊದಲೇ ಹುಡುಕಿ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕ್ ಸಾಕು ಅನ್ನುವವರಿಗೆ ಒಂದು ಮಾತು: ಪೆಡಲ್ ಚೈನು ಕಳಚಿದರೆ ಆ ಬ್ರೇಕೂ ಹೋಯಿತು.

ಕತೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಚಾಪರ್‌ನಲ್ಲಿ ಹ್ಯಾಂಡಲ್‌ನಿಂದ ಹಿಂದಿನ ಚಕ್ರ ತುಂಬಾ ದೂರ. ವೈರಿನ ಹೊರಕವಚ ಅಷ್ಟುದ್ದ ಇದ್ದರೆ ಅದುಮಿಕೊಂಡು ಲಿವರ್ ಸ್ಪಂಜಿನ ಹಾಗಾಗುತ್ತದೆ. ನೇರ ಇರುವ ಕಡೆ ಕವಚ ಬಿಟ್ಟು ಬರೀ ವೈರನ್ನು ಓಡಿಸಿ. ಗೇರ್ ವೈರಿನ ಕವಚವನ್ನು ಬ್ರೇಕಿಗೆ ಹಾಕಲೇಬೇಡಿ, ಜೋರಾಗಿ ಹಿಡಿದರೆ ಸೀಳುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಎಣ್ಣೆ ಉಗುಳುತ್ತದೆ. ಸೈಲೆನ್ಸರ್ ಬಾಯಿ ಡಿಸ್ಕಿನ ಕಡೆ ಇದ್ದರೆ ತಿರುಗಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ, ಚಕ್ರ ಪೂರ್ತಿ ನಿಲ್ಲಿಸದೆ, 15–20 ಸಲ ವೇಗ ಇಳಿಸಿ. ಆಮೇಲೆಯೇ ಅದು ಸರಿಯಾಗಿ ಕಚ್ಚುವುದು.

ತೋಳು ಬಿಗಿದ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಸವಾರಿ ಮುಗಿಸಿ ಬಂದಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಸ್ಪ್ಯಾನರ್ ತೆಗೆದುಕೊಳ್ಳಿ. ನಮಸ್ಕಾರ.