ಕಾಲು ಯಾಕೆ ಎತ್ತಿದಿರಿ?

ಕೇಳುಗರಿಗೆ ನಮಸ್ಕಾರ.

ನೀರು ಹಾಯಿಸಿದ ಅಗಲವಾದ ಕಾಂಕ್ರೀಟ್ ಮೈದಾನ. ಅದರ ಮೇಲೆ ಒಂದು ಕಾರು. ಒಳಗೆ ನಾನು, ಪಕ್ಕದಲ್ಲಿ ಕಲಿಸುವವರು. ಸುತ್ತು ಹಾಕುತ್ತಾ ಸ್ವಲ್ಪ ಸ್ವಲ್ಪವೇ ವೇಗ ಏರಿಸಿ ಅಂದರು. ಏರಿಸಿದೆ. ಒಂದು ಹಂತದಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರತೊಡಗಿತು. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದೆ. ಅಷ್ಟೇ. ಕಾರು ಬುಗುರಿಯ ಹಾಗೆ ಗಿರ್ರನೆ ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತಿತು. ಪಕ್ಕದವರು ನಗಲಿಲ್ಲ, ಬೈಯಲೂ ಇಲ್ಲ. "ಕಾಲು ಯಾಕೆ ಎತ್ತಿದಿರಿ?" ಎಂದು ಮಾತ್ರ ಕೇಳಿದರು.

ಹೆದರಿದಾಗ ಕಾಲು ಎತ್ತದೆ ಇನ್ನೇನು ಮಾಡಬೇಕು, ಅಲ್ವಾ? ಆ ಪ್ರಶ್ನೆಯ ಒಳಗೆ ಏನಿತ್ತು ಅನ್ನುವುದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ಇವತ್ತು ಅದನ್ನೇ ಹೇಳುತ್ತೇನೆ: ಹಿಡಿತ ತಪ್ಪುವ ಅಂಚಿನಲ್ಲಿ ರೇಸ್ ಡ್ರೈವರ್ ಕಾರನ್ನು ಹೇಗೆ ಓಡಿಸುತ್ತಾನೆ ಎಂದು.

ಕಾರು ನೆಲ ಮುಟ್ಟುವುದು ನಾಲ್ಕೇ ಕಡೆ. ಸಾಮಾನ್ಯ ಕಾರಿನಲ್ಲಿ ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈಯಷ್ಟು ರಬ್ಬರು. ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಅಷ್ಟರಿಂದಲೇ ಆಗಬೇಕು. ಹಿಡಿತ ತಪ್ಪುವುದೆಂದರೆ ದಾರ ಕಡಿದ ಹಾಗೆ ಪಟ್ಟನೆ ಆಗುವ ಸಂಗತಿ ಎಂದು ನಾನು ಅಂದುಕೊಂಡಿದ್ದೆ. ನಿಜ ಏನೆಂದರೆ, ತಿರುವಿನಲ್ಲಿ ಟೈರು ಯಾವಾಗಲೂ ಒಂದಿಷ್ಟು ಜಾರುತ್ತಲೇ ಇರುತ್ತದೆ. ಚಕ್ರದ ಮುಖ ಒಂದು ಕಡೆ, ಅದು ಸಾಗುವ ದಾರಿ ಇನ್ನೊಂದು ಕಡೆ. ಈ ಎರಡರ ನಡುವಿನ ಓರೆಗೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಓರೆ ಜಾಸ್ತಿಯಾದ ಹಾಗೆ ಹಿಡಿತವೂ ಏರುತ್ತದೆ. ಕೆಲವೇ ಡಿಗ್ರಿಗಳಲ್ಲಿ ನೆತ್ತಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇಳಿಜಾರು.

ನಾನು ಅದನ್ನು ಗುಡ್ಡ ಅಂತ ನೆನಪಿಟ್ಟುಕೊಂಡಿದ್ದೇನೆ. ನೆತ್ತಿಯ ಈಚೆ ಇರುವವನು ನಿಧಾನದ ಡ್ರೈವರ್. ಆಚೆ ಹೋದವನು ಟೈರು ಸವೆಸಿಕೊಂಡು ಟ್ರ್ಯಾಕಿನಿಂದ ಹೊರಬೀಳುವವನು. ಒಳ್ಳೆಯ ಡ್ರೈವರ್ ನೆತ್ತಿಯ ಮೇಲೆ ಸುಮ್ಮನೆ ನಿಂತಿರುವುದಿಲ್ಲ, ಆಚೆ ಒಂದು ಹೆಜ್ಜೆ, ಈಚೆ ಒಂದು ಹೆಜ್ಜೆ ಇಡುತ್ತಲೇ ಇರುತ್ತಾನೆ. ಆಚೆ ಕಾಲಿಡದೆ ನೆತ್ತಿ ಎಲ್ಲಿದೆ ಅಂತ ಗೊತ್ತಾಗುವುದಾದರೂ ಹೇಗೆ? ರೇಸ್ ಟೈರಿನ ಗುಡ್ಡಕ್ಕಂತೂ ನೆತ್ತಿ ಚೂಪು. ಹೆಜ್ಜೆ ಚಿಕ್ಕದಿರಬೇಕು.

ಎಷ್ಟು ಚಿಕ್ಕದು? 50 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಿ. ಕಾರಿನ ತೂಕದಷ್ಟೇ ಹಿಡಿತವನ್ನು ಟೈರು ಕೊಡುತ್ತದೆ ಅನ್ನೋಣ. ಆಗ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಆ ತಿರುವು ದಾಟಬಹುದು. 84ರಲ್ಲಿ ದಾಟಬೇಕಾದರೆ ಶೇಕಡಾ 10ರಷ್ಟು ಜಾಸ್ತಿ ಹಿಡಿತ ಬೇಕು. ವೇಗ ಏರಿದ್ದು ಬರೀ ಶೇಕಡಾ 5.

ಈಗ ನನ್ನ ಕಾಲಿನ ವಿಷಯ. ಕಾಲು ಎತ್ತಿದರೆ ಕಾರು ನಿಧಾನವಾಗುತ್ತದೆ, ಸರಿ. ಆದರೆ ನಿಧಾನವಾಗುವಾಗ ಭಾರ ಮುಂದಕ್ಕೆ ವಾಲುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಹಾಗೆ. ಮುಂದಿನ ಟೈರುಗಳಿಗೆ ಭಾರ ಬಂದು ಹಿಡಿತ ಏರಿತು. ಹಿಂದಿನವು ಹಗುರಾದವು. ಮೊದಲೇ ಜಾರುತ್ತಿದ್ದ ಹಿಂಭಾಗ ಪೂರ್ತಿ ಕೈಬಿಟ್ಟಿತು. ಕಾಲನ್ನು ಇದ್ದಲ್ಲೇ ಇಟ್ಟು, ಜಾರಿದ ಕಡೆಗೆ ಸ್ಟೇರಿಂಗ್ ಒಂಚೂರು ತಿರುಗಿಸಿದ್ದರೆ ಕಾರು ಉಳಿಯುತ್ತಿತ್ತು.

ಹೀಗೆ ಹಿಂಭಾಗ ಹೊರಕ್ಕೆ ಬರುವುದು ಓವರ್‌ಸ್ಟಿಯರ್. ಜಾರಿದ ಕಡೆಗೆ ಸ್ಟೇರಿಂಗ್ ತಿರುಗಿಸುವುದು ಬೇಗ ಕಲಿತುಬಿಡಬಹುದು. ಕಷ್ಟ ಇರುವುದು ವಾಪಸ್ ತರುವುದರಲ್ಲಿ. ಹಿಂದಿನ ಟೈರು ಮತ್ತೆ ನೆಲ ಕಚ್ಚುವ ಗಳಿಗೆಯಲ್ಲಿ ಸ್ಟೇರಿಂಗ್ ಇನ್ನೂ ಓರೆಯಾಗಿಯೇ ಇದ್ದರೆ, ಕಾರು ಲೋಲಕದ ಹಾಗೆ ಇನ್ನೊಂದು ಬದಿಗೆ ಬೀಸುತ್ತದೆ. ಎರಡನೇ ಬೀಸು ಮೊದಲನೆಯದಕ್ಕಿಂತ ಜೋರು.

ಇನ್ನೊಂದು ಅಂಡರ್‌ಸ್ಟಿಯರ್. ಮುಂದಿನ ಟೈರು ಜಾರಿ ಕಾರು ತಿರುಗದೆ ನೆಟ್ಟಗೆ ಹೋಗುವುದು. ಹೊಸಬರು ಆಗ ಸ್ಟೇರಿಂಗನ್ನು ಇನ್ನಷ್ಟು ತಿರುಚುತ್ತಾರೆ. ಟೈರು ಇಳಿಜಾರಿನಲ್ಲಿ ಮತ್ತೂ ಕೆಳಗೆ ಹೋಗುತ್ತದೆ. ಮಾಡಬೇಕಾದ್ದು ಅದರ ತಿರುಗುಮುರುಗು: ಸ್ಟೇರಿಂಗ್ ಸ್ವಲ್ಪ ಸಡಿಲಿಸಿ ಕಾಯುವುದು. ಗೋಡೆ ಹತ್ತಿರ ಬರುತ್ತಿರುವಾಗ ಅದರ ಕಡೆಗೇ ಚಕ್ರ ಸಡಿಲಿಸಬೇಕು! ಹೇಳುವುದು ಸುಲಭ.

ಇದೆಲ್ಲ ಡ್ರೈವರ್‌ಗೆ ತಿಳಿಯುವುದು ಎಲ್ಲಿಂದ? ಮುಂದಿನ ಟೈರು ನೆತ್ತಿಯ ಹತ್ತಿರ ಬಂದಾಗ ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ. ಹಿಂಭಾಗ ಜಾರುವುದನ್ನು ಸೀಟು ಹೇಳುತ್ತದೆ, ಬೆನ್ನಿಗೂ ಸೊಂಟಕ್ಕೂ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕಣ್ಣಿಗೆ ಬೇರೆ ಕೆಲಸವಿದೆ, ಅದು ತಿರುವು ಮುಗಿಯುವ ಜಾಗವನ್ನು ನೋಡುತ್ತಿರಬೇಕು. ಗೋಡೆ ನೋಡಿದರೆ ಕೈ ಗೋಡೆ ಕಡೆಗೇ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದ ಲೆಕ್ಕ ಒಂದಿದೆ. ಟೈರಿನ ಹಿಡಿತ ಒಂದೇ ಜೇಬಿನ ದುಡ್ಡು. ಬ್ರೇಕ್‌ಗೆ ಪೂರ್ತಿ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯದು. ಹಾಗಾದರೆ ಬ್ರೇಕ್‌ಗೆ 80 ಭಾಗ ಕೊಟ್ಟರೆ ತಿರುಗಲು ಉಳಿಯುವುದು 20 ಭಾಗವೇ? ಅಲ್ಲ, 60! ದುಡ್ಡಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ಎರಡು ಬಲಗಳೂ ಒಂದಕ್ಕೊಂದು ಅಡ್ಡವಾಗಿರುವುದರಿಂದ ಲೆಕ್ಕ ವೃತ್ತದ ಮೇಲೆ ನಡೆಯುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವೇ ಇದು: 6, 8, 10. ಅದಕ್ಕೇ ಪಳಗಿದ ಡ್ರೈವರ್ ಬ್ರೇಕನ್ನು ನೇರ ದಾರಿಯಲ್ಲೇ ಬಿಟ್ಟುಬಿಡುವುದಿಲ್ಲ. ಕಾಲನ್ನು ಕೂದಲೆಳೆಯಷ್ಟೇ ಸಡಿಲಿಸುತ್ತಾ ತಿರುವಿನ ಒಳಗೂ ಬ್ರೇಕ್ ಹಿಡಿದೇ ಹೋಗುತ್ತಾನೆ. ಇದಕ್ಕೆ ಟ್ರೇಲ್ ಬ್ರೇಕಿಂಗ್ ಎಂದು ಹೆಸರು.

ಫಾರ್ಮುಲಾ ಒನ್ ಕಾರಿನಲ್ಲಿ ಇನ್ನೊಂದು ತೊಡಕು. ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ವೇಗವಿದ್ದಷ್ಟೂ ಒತ್ತು ಜಾಸ್ತಿ, ಹಿಡಿತವೂ ಜಾಸ್ತಿ. ಬ್ರೇಕ್ ತುಳಿದು ವೇಗ ಇಳಿದ ಹಾಗೆಲ್ಲ ಹಿಡಿತವೂ ಇಳಿಯುತ್ತದೆ. ಅಂದರೆ ಗುಡ್ಡವೇ ಕ್ಷಣಕ್ಷಣಕ್ಕೂ ಕುಗ್ಗುತ್ತದೆ. ಹಾಗಾಗಿ ಮೊದಲ ತುಳಿತ ಜೋರು, ಆಮೇಲೆ ಸಡಿಲಿಸುತ್ತಾ ಬರಬೇಕು.

ಈ ನೆತ್ತಿಯ ಮೇಲೆ ಓಡಿಸಿದವರ ಎರಡು ಕಥೆ ಹೇಳುತ್ತೇನೆ, ಎರಡೂ ಫಾರ್ಮುಲಾ ಒನ್ ರೇಸ್‌ನವು. ಮೊದಲನೆಯದು 1957ರ ಜರ್ಮನ್ ಗ್ರ್ಯಾನ್ ಪ್ರಿ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಒಂದು ಸುತ್ತೇ 22 ಕಿಲೋಮೀಟರಿಗಿಂತ ಉದ್ದ. ಅರ್ಜೆಂಟೀನಾದ ಡ್ರೈವರ್ ಹುವಾನ್ ಮನ್ವೆಲ್ ಫಾಂಜಿಯೋ ಅವರಿಗೆ ಆಗ 46 ವರ್ಷ. ಟೈರು ಬದಲಿಸಿ ಇಂಧನ ತುಂಬಿಸುವ ಜಾಗವಾದ ಪಿಟ್‌ನಲ್ಲಿ ತಡವಾಗಿ, ಮುಂದಿದ್ದ ಎರಡು ಫೆರಾರಿಗಳಿಗಿಂತ ಮುಕ್ಕಾಲು ನಿಮಿಷ ಹಿಂದೆ ಬಿದ್ದರು. ಆಮೇಲೆ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತಾ ಬಂದರು. ರೇಸ್‌ಗೆ ಮೊದಲು ಯಾರು ಮುಂದೆ ನಿಂತು ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ ಅವರದೇ ಅತಿ ಕಡಿಮೆ ಸಮಯ, 9 ನಿಮಿಷ 25.6 ಸೆಕೆಂಡ್. ರೇಸ್‌ನಲ್ಲಿ 9 ನಿಮಿಷ 17.4 ಸೆಕೆಂಡಿಗೆ ಇಳಿಸಿದರು. ಇಬ್ಬರನ್ನೂ ದಾಟಿ ಗೆದ್ದರು. ಅದೇ ಅವರ ಕೊನೆಯ ಗ್ರ್ಯಾನ್ ಪ್ರಿ ಗೆಲುವು.

ಇನ್ನೊಂದು ಮೊನಾಕೋದ್ದು, 1988. ಕಿರಿದಾದ ಬೀದಿಗಳು, ಪಕ್ಕದಲ್ಲೇ ತಡೆಗೋಡೆ. ಅರ್ಹತಾ ಸುತ್ತಿನಲ್ಲಿ ಬ್ರೆಜಿಲ್‌ನ ಡ್ರೈವರ್ ಐರ್ಟನ್ ಸೆನ್ನಾ ಅವರ ಸಮಯ 1 ನಿಮಿಷ 23.998 ಸೆಕೆಂಡ್. ಅದೇ ತಂಡದ, ಅದೇ ಮಾದರಿಯ ಕಾರಿನಲ್ಲಿದ್ದ ಅಲೈನ್ ಪ್ರಾಸ್ಟ್ ಎರಡನೆಯವರು, 1.427 ಸೆಕೆಂಡ್ ಹಿಂದೆ. ಸೆಕೆಂಡಿನ ನೂರರ ಭಾಗಕ್ಕೆ ಒದ್ದಾಡುವ ಆಟದಲ್ಲಿ ಇದು ಎಷ್ಟು ದೊಡ್ಡ ಅಂತರ ನೋಡಿ.

ರೇಸ್‌ನಲ್ಲಿ ಸೆನ್ನಾ ಸುಮಾರು 50 ಸೆಕೆಂಡ್ ಮುಂದಿದ್ದರು. ಇನ್ನು ಅವಸರ ಬೇಡ, ನಿಧಾನ ಮಾಡಿ ಎಂದು ತಂಡ ಹೇಳಿತು. ಮಾಡಿದರು. 67ನೇ ಸುತ್ತಿನಲ್ಲಿ, ಪೋರ್ಟಿಯೆ ಎಂಬ ನಿಧಾನದ ತಿರುವಿನಲ್ಲಿ, ಕಾರು ತಡೆಗೋಡೆಗೆ ಬಡಿಯಿತು. ಪ್ರಾಸ್ಟ್ ಗೆದ್ದರು. ಸೆನ್ನಾ ಪಿಟ್ ಕಡೆ ಬರಲೇ ಇಲ್ಲ. ಹತ್ತಿರದಲ್ಲೇ ಇದ್ದ ತಮ್ಮ ಮನೆಗೆ ನಡೆದುಕೊಂಡು ಹೋಗಿಬಿಟ್ಟರು.

ನಮಸ್ಕಾರ.