ಯಾವ ಮತಗಟ್ಟೆಯಾದರೂ ಸರಿ, ಆದರೆ ಎಷ್ಟಿವೆ?

ನಮಸ್ಕಾರ, ಕೇಳುಗರೇ. ಅಮೆರಿಕದಲ್ಲಿ ನವೆಂಬರ್ ಚುನಾವಣೆ ಬರುವುದು ಮಂಗಳವಾರ. ಬಹಳ ಕಡೆ ಅವತ್ತು ರಜೆಯೂ ಇಲ್ಲ. ಮನೆ ಒಂದು ಮೂಲೆಯಲ್ಲಿ, ಕೆಲಸ ಇನ್ನೊಂದು ಮೂಲೆಯಲ್ಲಿ, ವೋಟು ಹಾಕುವ ಜಾಗ ಮಾತ್ರ ಮನೆ ಹತ್ತಿರದ ಶಾಲೆಯೋ ಚರ್ಚೋ. ಕೆಲಸದ ನಡುವೆ ಹೋಗಿಬರುವುದು ಹೇಗೆ? ಕೊಲರಾಡೊದ ಲಾರಿಮರ್ ಕೌಂಟಿ 2003ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅದರೊಳಗಿನ ಯಾವ ಮತಗಟ್ಟೆಗೆ ಬೇಕಾದರೂ ಹೋಗಿ ವೋಟು ಹಾಕಿ ಅಂದರು, ಅಷ್ಟೇ. ಆಮೇಲೆ ಟೆಕ್ಸಾಸ್, ಇಂಡಿಯಾನಾ, ಕ್ಯಾಲಿಫೋರ್ನಿಯಾದ ಎಷ್ಟೋ ಕೌಂಟಿಗಳೂ ಇದನ್ನೇ ಹಿಡಿದವು.

ನನಗೆ ಈ ಪದ್ಧತಿ ಇಷ್ಟ. ಯಾಕಂದ್ರೆ ಹಳೇ ಪದ್ಧತಿಯಲ್ಲಿ ತಪ್ಪು ಮತಗಟ್ಟೆಗೆ ಹೋದವರ ಮತಪತ್ರವನ್ನು ಕೆಲವು ರಾಜ್ಯಗಳು ಪೂರ್ತಿ ಲೆಕ್ಕದಿಂದಲೇ ಕೈಬಿಡುತ್ತವೆ, ರಾಷ್ಟ್ರಾಧ್ಯಕ್ಷರಿಗೆ ಹಾಕಿದ ವೋಟೂ ಸೇರಿ. ಅಧ್ಯಕ್ಷರ ಆಯ್ಕೆಗೂ ನೀವು ನಿಂತ ಬೀದಿಗೂ ಏನು ಸಂಬಂಧ ಹೇಳಿ? ಅರಿಜೋನಾದ ಇಂಥ ನಿಯಮವನ್ನು 2021ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು.

ಆದರೆ ಇದನ್ನು ನಡೆಸುವುದು ಸುಲಭ ಅಲ್ಲ. ಅಲ್ಲಿ ಗವರ್ನರ್‌ನಿಂದ ಹಿಡಿದು ಶಾಲಾ ಮಂಡಳಿಯವರೆಗೆ ಎಲ್ಲ ಒಂದೇ ಮತಪತ್ರದಲ್ಲಿ ಇರುತ್ತದೆ, ಏರಿಯಾ ಬದಲಾದರೆ ಮತಪತ್ರವೂ ಬದಲು. ಹಾಗಾಗಿ ಬಂದವರ ವಿಳಾಸ ನೋಡಿ ಅವರ ಮತಪತ್ರವನ್ನೇ ಅಲ್ಲೇ ಪ್ರಿಂಟ್ ಮಾಡಿಕೊಡಬೇಕು, ಒಬ್ಬರೇ ಎರಡು ಕಡೆ ಹಾಕದ ಹಾಗೆ ಎಲ್ಲ ಮತಗಟ್ಟೆಗಳ ಕಂಪ್ಯೂಟರು ಒಂದಕ್ಕೊಂದು ಮಾತಾಡುತ್ತಿರಬೇಕು. 2006ರಲ್ಲಿ ಇದೇ ಪದ್ಧತಿ ತಂದ ಕೊಲರಾಡೊದ ಡೆನ್ವರ್ ನಗರದಲ್ಲಿ ಆ ಸಾಫ್ಟ್‌ವೇರೇ ತೆವಳತೊಡಗಿತು. ಜನ ಗಂಟೆಗಟ್ಟಲೆ ನಿಂತರು, ಎಷ್ಟೋ ಜನ ವೋಟು ಹಾಕದೆ ಮನೆಗೆ ಹೋದರು. (ನಮ್ಮಲ್ಲಿ ಚುನಾವಣೆ ಡ್ಯೂಟಿಗೆ ಹೋದ ಮೇಷ್ಟ್ರಿಗೆ ತಮ್ಮದೇ ಕ್ಷೇತ್ರವಾದರೆ ಡ್ಯೂಟಿ ಇರುವ ಮತಗಟ್ಟೆಯಲ್ಲೇ ವೋಟು ಹಾಕಲು ಒಂದು ಪ್ರಮಾಣಪತ್ರ ಕೊಡುತ್ತಾರೆ. ಕಂಪ್ಯೂಟರಿನ ತಂಟೆಯೇ ಇಲ್ಲ!)

ನನ್ನ ತಕರಾರು ಮಾತ್ರ ಯಂತ್ರದ ಮೇಲಲ್ಲ, ಉಳಿತಾಯದ ಮೇಲೆ. ಎಲ್ಲಿ ಬೇಕಾದರೂ ಹಾಕಬಹುದು ಅಂದ ತಕ್ಷಣ ಅಧಿಕಾರಿಗಳಿಗೆ ಹಾಗಾದರೆ ಇಷ್ಟೊಂದು ಮತಗಟ್ಟೆ ಯಾಕೆ ಅನ್ನಿಸಿಬಿಡುತ್ತದೆ. ಅರಿಜೋನಾದಲ್ಲಿ ಫೀನಿಕ್ಸ್ ನಗರ ಇರುವ ಮರಿಕೋಪಾ ಕೌಂಟಿ ನೋಡಿ. ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ 2012ರಲ್ಲಿ ಅಲ್ಲಿ ಸುಮಾರು 200 ಮತಗಟ್ಟೆ ಇದ್ದವು. 2016ರ ಮಾರ್ಚ್‌ನಲ್ಲಿ ಎಲ್ಲಿ ಬೇಕಾದರೂ ಹೋಗಿ ಅಂದರು, ಮತಗಟ್ಟೆ ಮಾತ್ರ 60! ಹೆಚ್ಚಿನವರು ಅಂಚೆಯಲ್ಲೇ ಹಾಕುತ್ತಾರೆ ಎಂಬ ಲೆಕ್ಕ ಅದು. ಸಂಜೆ ಏಳಕ್ಕೆ ಮುಗಿಯಬೇಕಿದ್ದ ಮತದಾನ ಕೆಲವು ಕಡೆ ಮಧ್ಯರಾತ್ರಿ ದಾಟಿತು. ಕಾರಿಲ್ಲದವರು, ಮಗುವನ್ನು ಎತ್ತಿಕೊಂಡು ಬಂದವರು ಅಷ್ಟು ಹೊತ್ತು ನಿಲ್ಲೋದು ಹೇಗೆ? ಬಹಳ ವರ್ಷದಿಂದ ಅಲ್ಲಿ ಚುನಾವಣೆ ನೋಡಿಕೊಳ್ಳುತ್ತಿದ್ದ ಹೆಲೆನ್ ಪರ್ಸೆಲ್ ಅದೇ ನವೆಂಬರ್‌ನಲ್ಲಿ ತಮ್ಮ ಹುದ್ದೆಯ ಚುನಾವಣೆಯಲ್ಲೇ ಸೋತರು; ಅಲ್ಲಿ ಆ ಹುದ್ದೆಗೂ ಜನರೇ ಆರಿಸುತ್ತಾರೆ.

ಅದೇ ಮರಿಕೋಪಾ 2022ರ ಹೊತ್ತಿಗೆ 223 ಮತಗಟ್ಟೆ ಮಾಡಿತು. ಆವಾಗಲೂ ತೊಂದರೆ ತಪ್ಪಲಿಲ್ಲ: ಹಲವು ಕಡೆ ಪ್ರಿಂಟರು ತೀರಾ ತೆಳುವಾಗಿ ಮುದ್ರಿಸಿ, ಎಣಿಸುವ ಯಂತ್ರ ಮತಪತ್ರವನ್ನು ಓದಲಿಲ್ಲ. ಪೆಟ್ಟಿಗೆಗೆ ಹಾಕಿ, ಆಮೇಲೆ ಎಣಿಸುತ್ತೇವೆ ಅಂದರು, ಇಲ್ಲವೇ ಬೇರೆ ಕಡೆ ಹೋಗಿ ಅಂದರು. ಹಾಗೆ ಹೋಗುವವರು ಮೊದಲು ಇಲ್ಲಿ ದಾಖಲಾದ ಹೆಸರನ್ನು ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳದೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ತಾತ್ಕಾಲಿಕ ಮತಪತ್ರ, ಅಂದರೆ ಆಮೇಲೆ ಪರಿಶೀಲಿಸಿ ಸರಿ ಅನ್ನಿಸಿದರೆ ಮಾತ್ರ ಎಣಿಸುವಂಥದ್ದು. ಗೊಂದಲ ಆಯಿತು ನಿಜ, ಆದರೆ ಹೋಗೋಕೆ ಹತ್ತಿರದಲ್ಲಿ ಇನ್ನೊಂದು ಮತಗಟ್ಟೆಯಾದರೂ ಇತ್ತಲ್ಲ. ನಮಸ್ಕಾರ.